ಉಟ್ಟ ಸೀರೆಯನ್ನು ಹೊನ್ನಯ್ಯ ಮಾವ ವಾಪಸ್ ಕಳಿಸಿದ್ದು

ಅರಸೀಕೆರೆಯ ಬಟ್ಟೆ ಅಂಗಡಿಗಳಲ್ಲಿ ನಮ್ಮ ಹೊನ್ನಯ್ಯ ಮಾವನನ್ನು ಕಂಡರೆ ಆಗುವವರು ಯಾರೂ ಇಲ್ಲ. ಅವರು ಗಲಾಟೆ ಮಾಡುವವರಲ್ಲ, ಚೌಕಾಸಿ ಮಾಡುವವರೂ ಅಲ್ಲ. ಬಿಳಿ ಷರಟು, ಇಸ್ತ್ರಿ ಮಾಡಿದ ಪ್ಯಾಂಟು, ಮುಖ ಕಾಣುವಷ್ಟು ಪಾಲಿಶ್ ಹಾಕಿದ ಬೂಟು ತೊಟ್ಟು ಬಂದು, ಗಾದಿಯ ತುದಿಯಲ್ಲಿ ಕೂತು, ಮೆಲ್ಲನೆ "ತೋರಿಸಿ" ಅನ್ನುತ್ತಾರೆ. ಅಂಗಡಿಯವನ ಗ್ರಹಚಾರ ಅಲ್ಲಿಂದ ಶುರು. ಬಟ್ಟೆಯನ್ನು ಮುಷ್ಟಿಯಲ್ಲಿ ಹಿಂಡಿ ಬಿಟ್ಟು ಸುಕ್ಕು ಎಷ್ಟು ಹೊತ್ತಿಗೆ ಬಿಡುತ್ತದೆ ನೋಡುತ್ತಾರೆ. ಷರಟಿನ ಒಳಗನ್ನು ಹೊರಗೆ ಮಾಡಿ ಹೊಲಿಗೆ ಎಳೆಯುತ್ತಾರೆ. ಒದ್ದೆ ಕರವಸ್ತ್ರದಿಂದ ಉಜ್ಜಿ ಬಣ್ಣ ಬಿಡುತ್ತದೋ ನೋಡುತ್ತಾರೆ. ಆಮೇಲೆ ಎದ್ದು, ಟ್ಯೂಬ್‌ಲೈಟಿನ ಕೆಳಗೆ ಎಲ್ಲವೂ ಚೆಂದವೇ ಎಂದು ಗೊಣಗುತ್ತ ಬಟ್ಟೆಯನ್ನು ಬೀದಿಯ ಬಿಸಿಲಿಗೆ ಹಿಡಿಯುತ್ತಾರೆ. ಕೊನೆಗೆ ಅಂಗಡಿಯವನನ್ನು ಒಂದು ಪ್ರಶ್ನೆ ಕೇಳುತ್ತಾರೆ: "ಇದನ್ನ ನೀವು ಹಾಕ್ಕೋತೀರಾ?" ಅವನು ಒಂದು ಕ್ಷಣ ತಡವರಿಸಿದರೂ ಸಾಕು, ಇವರು ಬೂಟು ಹಾಕಿಕೊಳ್ಳುತ್ತಾರೆ.

ನಾನು ಅವರ ತಂಗಿಯ ಮಗ ಲಕ್ಷ್ಮೀಶ, ಬೇಲೂರಿನಲ್ಲಿ ಹೈಸ್ಕೂಲು ಮೇಷ್ಟ್ರು. ಚಿಕ್ಕಂದಿನಿಂದ ಈ ತಪಾಸಣೆಗಳಲ್ಲಿ ಪಕ್ಕದಲ್ಲಿ ನಿಂತು ನಾಚಿಕೆಯಿಂದ ಕುಗ್ಗಿಹೋದವನು. ಮಾವ ಅರಸೀಕೆರೆ ಜಂಕ್ಷನ್ನಿನ ಪಾರ್ಸೆಲ್ ಆಫೀಸಿನಲ್ಲಿ ಗುಮಾಸ್ತರಾಗಿ ಸೇರಿ ಅಲ್ಲೇ ನಿವೃತ್ತರಾದರು. ಗೋಣಿ ಸುತ್ತಿದ ಗಂಟಿನೊಳಗೆ ಚೀಟಿಯಲ್ಲಿ ಬರೆದದ್ದೇ ಇರುತ್ತದೆಂದು ನಂಬಬಾರದು ಎಂಬುದನ್ನು ಅಲ್ಲಿ ಕಲಿತರೋ, ಹುಟ್ಟುತ್ತಲೇ ತಂದರೋ, ನನಗೆ ತಿಳಿಯದು. "ಹೊಸದ್ರಲ್ಲಿ ಎಲ್ಲಾ ಚೆಂದಾನೇ ಕಣ್ಲಾ," ಅನ್ನುತ್ತಿದ್ದರು. "ಹಳೇದಾದಾಗ ಹೆಂಗಿರ್ತೈತೆ ಅನ್ನೋದನ್ನ ಕೊಳ್ಳೋವಾಗ್ಲೇ ಕಾಣ್ಬೇಕು."

ಅವರು ಕಂಡದ್ದು ಸುಳ್ಳಾಗುತ್ತಿರಲಿಲ್ಲ ಅನ್ನುವುದೇ ನಮ್ಮ ಹೊಟ್ಟೆಯುರಿ. ಅವರ ಮದುವೆಯ ಉಣ್ಣೆ ಕೋಟು ಈಗಲೂ ಭುಜದಲ್ಲಿ ನೆಟ್ಟಗೆ ಕೂರುತ್ತದೆ. ಒಳಗಿನ ಅಸ್ತರನ್ನು ಮಾತ್ರ ಹರಿದಾಗ ಬದಲಾಯಿಸಿದ್ದಾರೆ. ಅಟ್ಟೆಗೆ ಅಂಟು ಹಾಕಿದ ಬೂಟು ಕೊಳ್ಳುವುದಿಲ್ಲ, ಹೊಲಿದದ್ದೇ ಆಗಬೇಕು. ಸೊಂಟದ ಬೆಲ್ಟು ನನ್ನ ನೌಕರಿಗಿಂತ ಹಳೆಯದು, ಅದರ ಚರ್ಮ ವರ್ಷದಿಂದ ವರ್ಷಕ್ಕೆ ಬಣ್ಣ ಏರಿಸಿಕೊಂಡು ಕೂತಿದೆ. ಲಕ್ಕಮ್ಮತ್ತೆಯ ಸೀರೆಗಳೂ ಅಷ್ಟೇ. ಮನೆಯಲ್ಲಿ ಉಡುವ ನೂಲಿನ ಸೀರೆಯನ್ನೂ ಮಾವನೇ ಆರಿಸಿ ತರುತ್ತಿದ್ದರು, ಅದು ಒಗೆದಷ್ಟೂ ಮೆತ್ತಗಾಗುತ್ತಿತ್ತೇ ಹೊರತು ಬಣ್ಣ ಕಳೆದುಕೊಳ್ಳುತ್ತಿರಲಿಲ್ಲ.

ಅಷ್ಟು ಜೋಪಾನದ ಬಟ್ಟೆ ಕೊನೆಗೆ ಸವೆದಾಗ ಮಾತ್ರ ಮಾವ ಬೇರೆಯೇ ಮನುಷ್ಯ. ಗುಂಡಿ ಕತ್ತರಿಸಿ ತೆಗೆದು, ಬಟ್ಟೆಯನ್ನು ತಮ್ಮ ಕೈಯಾರೆ ಚೂರು ಚೂರು ಹರಿಯುತ್ತಾರೆ. ನೆಲ ಒರೆಸಲು ಒಂದಷ್ಟು, ಉಳಿದದ್ದು ಒಲೆಗೆ. ಇನ್ನೊಬ್ಬರು ತೊಡುವಂತಿರುವ ಒಂದು ಚೂರೂ ಆ ಮನೆಯಿಂದ ಆಚೆ ಹೋಗಬಾರದು. ಇನ್ನೊಬ್ಬರು ತೊಟ್ಟದ್ದು ಒಳಗೆ ಬರುವ ಮಾತಂತೂ ಇಲ್ಲವೇ ಇಲ್ಲ.

ಇದರ ಕಾರಣ ಅಮ್ಮ ಹೇಳಿದ್ದಳು. ನಮ್ಮದು ಹಾರನಹಳ್ಳಿಯ ಹೊರಕೇರಿ. ಅಜ್ಜ ಅಜ್ಜಿ ಜಮೀನುದಾರರ ಮನೆಯಲ್ಲಿ ಚಾಕರಿಗಿದ್ದವರು, ಯುಗಾದಿಗೆ ಆ ಮನೆಯವರು ತೊಟ್ಟು ಬಿಟ್ಟ ಬಟ್ಟೆ ಇವರಿಗೆ ಬರುತ್ತಿತ್ತು. ಮಾವ ಒಂದು ವರ್ಷ ಹಾಗೆ ಬಂದ ಅಂಗಿ ಹಾಕಿಕೊಂಡು ಶಾಲೆಗೆ ಹೋದರು. ಒಬ್ಬ ಹುಡುಗ ಎದ್ದು ನಿಂತು, ಜೇಬಿನ ಮೇಲಿದ್ದ ಇಂಕಿನ ಕಲೆ ತೋರಿಸಿ, ಅದು ತನ್ನ ಅಂಗಿ ಅಂದ. ತರಗತಿಯೆಲ್ಲ ನಕ್ಕಿತು, ಮೇಷ್ಟ್ರೂ ನಕ್ಕರು. ಮಾವ ಅಲ್ಲೇ ಅಂಗಿ ಬಿಚ್ಚಿ ಬೆಂಚಿನ ಮೇಲಿಟ್ಟು ಬರಿಮೈಯಲ್ಲಿ ಮನೆಗೆ ಬಂದರಂತೆ.

ಇಂಥವರ ಮಗಳು ಧನುಶ್ರೀ. ಬೇಲೂರಿನ ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಅವಳು ಮೆಚ್ಚಿದ್ದು ಸುನಿಲ್ ಎಂಬ ಹುಡುಗನನ್ನು, ಅವನಿಗೆ ಬೇಲೂರಿನಲ್ಲೇ ಕೃಷಿ ಇಲಾಖೆಯ ಕೆಲಸ. ಜಾವಗಲ್ ದಾಟಿ ಹಳೇಬೀಡಿಗೆ ಸ್ವಲ್ಪ ಮೊದಲು ಸಿಗುವ ಊರಲ್ಲಿ ಅವನ ಮನೆ. ತೆಂಗು, ರಾಗಿ, ಗದ್ದೆ ಎಲ್ಲ ಇರುವ ಒಕ್ಕಲು ಮನೆತನ. ತಂದೆ ಚಿಕ್ಕಣ್ಣ, ತಾಯಿ ಲಲಿತಮ್ಮ. ಬಹಳ ದಿನ ಆ ಮನೆಯವರು ಮುಖ ಊದಿಸಿಕೊಂಡಿದ್ದರು. ಆಮೇಲೆ ಒಂದು ದಿನ ಇದ್ದಕ್ಕಿದ್ದಂತೆ ಒಪ್ಪಿದೆವೆಂದು ಹೇಳಿ ಕಳಿಸಿದರು.

ಒಪ್ಪಲಿಲ್ಲ ಎಂದಾಗ ಮಾವನಿಗೆ ನೆಮ್ಮದಿಯಿತ್ತು. ಒಪ್ಪಿದ ಮೇಲೆ ನಿದ್ದೆ ಹೋಯಿತು. "ಯಾಕೆ ಒಪ್ಪಿದ್ರು?" ಎಂದು ಫೋನ್ ಮಾಡಿ ಮಾಡಿ ನನ್ನ ತಲೆ ತಿಂದರು. ಮಗ ಮನೆ ಬಿಟ್ಟು ಹೋಗುತ್ತೇನೆಂದು ಹೆದರಿಸಿರಬೇಕು ಅಂದೆ. "ಹಂಗಾದ್ರೆ ಅದು ಒಪ್ಪಿಗೆ ಅಲ್ಲ. ಮೇಲೊಂದು ಒಳಗೊಂದು. ಒಳಗಿಂದು ಯಾವಾಗ ಆಚೆ ಬತ್ತೈತೋ ನೋಡ್ತಿರು." ನಿಜ ಹೇಳಬೇಕೆಂದರೆ ನನಗೂ ಒಳಗೊಳಗೆ ಅದೇ ಅನುಮಾನ. ಅವರ ಮನೆಗೆ ಹೋದಾಗ ಕಾಫಿ ಕೊಟ್ಟ ಲೋಟವನ್ನು, ನಮಗೆಂದೇ ಬೇರೆ ಇಟ್ಟದ್ದೋ ಏನೋ ಎಂದು, ನಾನೂ ತಿರುಗಿಸಿ ನೋಡಿದವನೇ.

ನಮ್ಮ ಕಡೆ ಮದುವೆಗೆ ಮೊದಲು ಎರಡೂ ಮನೆಯವರು ಒಟ್ಟಿಗೆ ಅಂಗಡಿಗೆ ಹೋಗಿ ಜವಳಿ ತೆಗೆಯುವುದು ಪದ್ಧತಿ. ಹುಡುಗನ ಬಟ್ಟೆ ಹೆಣ್ಣಿನ ಮನೆಯವರದು. ಧಾರೆಯ ಹೊತ್ತಿಗೆ ಹುಡುಗಿ ಉಡುವ ಸೀರೆ ಗಂಡಿನ ಮನೆಯವರದು. ಅರಸೀಕೆರೆಯ ಬಿ.ಎಚ್. ರಸ್ತೆಯ ಒಂದು ದೊಡ್ಡ ಅಂಗಡಿಗೆ ಹೋದೆವು. ಸುನಿಲನ ಸೂಟಿನ ಬಟ್ಟೆಯನ್ನು ಮಾವ ಎಂದಿನಂತೆ ಹಿಂಡಿ, ಎಳೆದು, ಬಿಸಿಲಿಗೆ ಹಿಡಿದು ಆರಿಸಿದರು. ಚಿಕ್ಕಣ್ಣನವರು ಬೆರಗಾಗಿ ನೋಡುತ್ತಿದ್ದರು. ಅಂಗಡಿಯ ಹುಡುಗಿ ರೇಷ್ಮೆ ಸೀರೆ ಹರವಲು ಬಂದಾಗ ಲಲಿತಮ್ಮ ಕೈ ಅಡ್ಡ ಹಿಡಿದರು.

"ಧಾರೆ ಸೀರೆ ತೆಗ್ಯೋದು ಬ್ಯಾಡ. ನಾನು ತಂದಿವ್ನಿ," ಅಂದು ಬ್ಯಾಗಿನಿಂದ ಬಿಳಿ ಪಂಚೆಯಲ್ಲಿ ಸುತ್ತಿದ ಒಂದು ಗಂಟು ತೆಗೆದರು.

ಒಳಗಿದ್ದದ್ದು ದಾಳಿಂಬೆ ಬಣ್ಣದ ಒಡಲು, ಎಲೆ ಹಸಿರಿನ ಅಂಚಿನ ರೇಷ್ಮೆ ಸೀರೆ. ಮಾವ ಅದನ್ನು ಎತ್ತಿಕೊಂಡು ಬಾಗಿಲಿಗೆ ಹೋದರು. ಬಿಸಿಲು ಬಿದ್ದಾಗ ಜರಿ ಕಣ್ಣಿಗೆ ಹೊಡೆಯಲಿಲ್ಲ, ತಣ್ಣಗೆ ಹೊಳೆಯಿತು. ಅಷ್ಟು ಒಳ್ಳೆಯ ರೇಷ್ಮೆಯನ್ನು ಅವರು ಜನ್ಮದಲ್ಲಿ ಮುಟ್ಟಿರಲಿಲ್ಲ, ಅದು ಅವರ ಹೆಬ್ಬೆರಳು ಸೆರಗಿನ ಮೇಲೆ ಆಡುತ್ತಿದ್ದ ರೀತಿಯಲ್ಲೇ ಗೊತ್ತಾಗುತ್ತಿತ್ತು. ಆಮೇಲೆ ಅವರು ಅಂಚನ್ನು ಮಗುಚಿದರು. ಒಳಬದಿ ಹಿಮ್ಮಡಿ ತಾಕಿ ತುಸು ಸವೆದಿತ್ತು. ಅದರ ಮೇಲೆ ಹೊಸ ಫಾಲ್ ಹೊಲಿದಿದ್ದರು. ಮಾವನ ಹೆಬ್ಬೆರಳು ಅಲ್ಲಿಗೆ ನಿಂತಿತು.

"ಇದನ್ನ ಯಾರೋ ಉಟ್ಟವ್ರೆ," ಅಂದರು.

"ನಾನೇ ಉಟ್ಟಿರೋದು. ನನ್ನ ಧಾರೆ ಸೀರೆ," ಅಂದರು ಲಲಿತಮ್ಮ, ಅದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ ಎಂಬಂತೆ.

ಮಾವ ಬಾಗಿಲಿಂದ ವಾಪಸ್ ಬಂದರು. ಸೀರೆಯನ್ನು ಇದ್ದ ಮಡಿಕೆಯಲ್ಲೇ ಮಡಚಿ, ಪಂಚೆಯಲ್ಲಿ ಸುತ್ತಿ, ಎರಡೂ ಕೈಯಿಂದ ಅವರ ಮುಂದಿಟ್ಟರು. "ನಮ್ಮನೇಲಿ ಇನ್ನೊಬ್ರು ಉಟ್ಟಿದ್ದನ್ನ ಉಡಲ್ಲ," ಅಂದು ಬೂಟು ಹಾಕಿಕೊಂಡು ಬೀದಿಗಿಳಿದರು. ಲಲಿತಮ್ಮನ ಮುಖ ಕೆಂಪಾಯಿತು. ಸುನಿಲ್ ನನ್ನನ್ನು ನೋಡಿದ, ನಾನು ನೆಲ ನೋಡಿದೆ. ಕತ್ತರಿಸಿದ ಸೂಟಿನ ಬಟ್ಟೆ ಗಾದಿಯ ಮೇಲೆ ಹಾಗೇ ಬಿದ್ದಿತ್ತು.

ಮನೆಗೆ ಬಂದ ಮೇಲೆ ಮಾವ ತೀರ್ಪು ಕೊಟ್ಟರು. "ಒಳಗಿಂದು ಆಚೆ ಬತ್ತಲ್ಲ, ನೋಡಿದ್ಯಾ? ಉಟ್ಟು ಬಿಟ್ಟಿದ್ದು ಕೊಟ್ರೆ ಈ ಜನ ಕಣ್ಣಿಗೊತ್ಕೋತಾರೆ ಅಂದ್ಕೊಂಡವ್ರೆ. ನಮ್ಮವ್ವಂಗೆ ಕೊಟ್ಟಂಗೆ ನನ್ನ ಮಗಳಿಗೂ ಕೊಡ್ತಾರೆ."

"ಅಪ್ಪ, ಅದು ಅವರ ಮದುವೆ ಸೀರೆ," ಅಂದಳು ಧನು.

"ಯಾರ ಮದುವೇದಾದ್ರೇನು, ಉಟ್ಟಿದ್ದು ಉಟ್ಟಿದ್ದೇ."

ಧನುಗೆ ಅಪ್ಪನ ಮೇಲೆ ಸಿಟ್ಟಿತ್ತು, ಆ ಮನೆಯವರ ಮೇಲೂ ಇತ್ತು. "ನನಗೆ ಸುನಿಲ್ ಬೇಕು. ಆದ್ರೆ ನೀನು ಮನಸ್ಸಿಂದ ಒಪ್ಪದೇ ನಾನು ಧಾರೆಗೆ ಕೂರಲ್ಲ," ಅಂದು ಎದ್ದು ಹೋದಳು. ಮಗಳ ಬಾಳು ಹೀಗೆ ಒಂದು ಸೀರೆಯ ಅಂಚಿಗೆ ಸಿಕ್ಕಿಕೊಂಡಿತು. ಲಕ್ಕಮ್ಮತ್ತೆ ಒಳಗೆ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದರು.

ಮಾವ ನನ್ನನ್ನು ಅಂಗಳಕ್ಕೆ ಕರೆದು ದನಿ ತಗ್ಗಿಸಿದರು. ಆ ಮನೆಗೆ ದೊಡ್ಡ ಸೊಸೆ ಒಬ್ಬಳಿದ್ದಾಳೆ, ಅವರ ಜಾತಿಯವಳೇ. ಅವಳಿಗೆ ಧಾರೆಗೆ ಏನು ಕೊಟ್ಟಿದ್ದರು, ಹೊಸದೋ ಹಳೆಯದೋ, ಅದನ್ನು ಪತ್ತೆ ಮಾಡಿಕೊಂಡು ಬಾ ಎಂದರು. ಪತ್ತೇದಾರನಾಗುವ ಇಷ್ಟ ನನಗಿರಲಿಲ್ಲ. ಆದರೂ ಹೋದೆ, ಯಾಕೆಂದರೆ ನನಗೂ ತಿಳಿಯಬೇಕಿತ್ತು.

ದೊಡ್ಡ ಸೊಸೆ ಹೇಮಾಶ್ರೀ ಹಳೇಬೀಡಿನ ಒಂದು ಶಾಲೆಯಲ್ಲಿ ಟೀಚರು. ಶಾಲೆ ಬಿಡುವ ಹೊತ್ತಿಗೆ ಹೋಗಿ ಮಾತಾಡಿಸಿದೆ. ಸುತ್ತಿ ಬಳಸಿ ಕೇಳಲು ನೋಡಿದೆ, ಆಕೆ ನೇರವಾಗಿಯೇ ಹೇಳಿದಳು.

"ನನಗೆ ಕೊಟ್ಟಿದ್ದು ಹೊಸಾದು ಸಾರ್. ಅಂಗಡೀಲಿ ತೆಗೆದಿದ್ದು. ಆಗ್ಲೇ ಜರಿ ಕಪ್ಪಾಗಿ ಕೂತದೆ. ಅತ್ತೆ ಸೀರೇನ ನನ್ನ ಸೀಮಂತಕ್ಕೆ ಒಂದಿನ ಉಟ್ಕೋತೀನಿ ಅಂತ ಕೇಳಿದ್ದೆ. ಕೊಡ್ಲಿಲ್ಲ. ಬೀರೂಲಿ ಇಟ್ಟು, ವರ್ಷಕ್ಕೊಂದ್ಸಲ ನೆರಳಲ್ಲಿ ಹರವಿ, ಮಡಿಕೆ ಬದಲಾಯ್ಸಿ ಮತ್ತೆ ಇಡ್ತಾರೆ, ಯಾರೂ ಮುಟ್ಟೋ ಹಂಗಿಲ್ಲ." ಅವಳ ಮುಖ ಸಣ್ಣದಾಯಿತು. "ಅದನ್ನ ಈಗ ಅವಳಿಗೆ ಯಾಕೆ ಕೊಡ್ತಾವ್ರೋ, ನಾನೂ ಕೇಳ್ಬೇಕು ಅಂತಿದೀನಿ."

ನನಗೆ ಹೋದ ಜೀವ ಬಂತು. ಇದನ್ನು ಹೇಳಿದರೆ ಮಾವ ಕರಗುತ್ತಾರೆಂದು ಅಂದುಕೊಂಡು ಅರಸೀಕೆರೆಗೆ ಓಡಿದೆ. ಮಾವ ಕಣ್ಣು ಸಣ್ಣ ಮಾಡಿ ಎಲ್ಲ ಕೇಳಿಸಿಕೊಂಡರು.

"ಸ್ವಂತ ಜಾತಿ ಸೊಸೆಗೆ ಕೊಡ್ದೇ ಇದ್ದಿದ್ದನ್ನ ನಮಗ್ಯಾಕೆ ಕೊಡ್ತಾವ್ರೆ?" ಅಂದರು. "ಇದ್ರಲ್ಲಿ ಇನ್ನೂ ಏನೋ ಐತೆ."

ಕರಗುವುದಿರಲಿ, ಅನುಮಾನ ಎರಡು ಪಟ್ಟಾಯಿತು. ಆ ಮನುಷ್ಯನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಮುಂದಿನ ಭಾನುವಾರ ಮಧ್ಯಾಹ್ನ, ನಾನೂ ಅಲ್ಲೇ ಇದ್ದಾಗ, ಲಲಿತಮ್ಮ ಒಬ್ಬರೇ ಬಂದರು. ಕೈಯಲ್ಲಿ ಅದೇ ಬ್ಯಾಗು. ಗಂಡನಿಗೆ ಹೇಳಿಲ್ಲ, ಮಗನಿಗೂ ಹೇಳಿಲ್ಲ, ಬಸ್ಸಿಗೆ ಬಂದೆ ಅಂದರು. ಮಾವ ಕುರ್ಚಿ ತೋರಿಸಿದರು. ಲಕ್ಕಮ್ಮತ್ತೆ ನೀರು ಕೊಟ್ಟರು. ಆಕೆ ಗಟಗಟನೆ ಕುಡಿದು ಲೋಟ ಕೆಳಗಿಟ್ಟರು.

"ಹೊನ್ನಯ್ಯನೋರೆ, ಜನಗಳ ಮುಂದೆ ನನ್ನ ಸೀರೆ ವಾಪಸ್ ಕೊಟ್ಟು ನನ್ನ ಮಾನ ತೆಗುದ್ರಿ. ಯಾಕೆ ಅಂತ ಕೇಳಕ್ ಬಂದೆ."

"ನೀವು ಮೊದ್ಲು ಹೇಳಿ. ದೊಡ್ಡ ಸೊಸೆಗೆ ಯಾಕೆ ಕೊಡ್ಲಿಲ್ಲ?"

ಲಲಿತಮ್ಮ ಒಂದು ಸಲ ನನ್ನ ಕಡೆ ನೋಡಿದರು. ಪತ್ತೇದಾರನ ಗುಟ್ಟು ಅಲ್ಲಿಗೆ ರಟ್ಟಾಯಿತು.

"ಹೇಮ ಬಂದಾಗ ಊರೋರೆಲ್ಲ ಆರತಿ ಎತ್ತಿದ್ರು. ಅವಳಿಗೆ ನನ್ನ ಸೀರೆ ಬೇಕಾಗಿರ್ಲಿಲ್ಲ. ನಿಮ್ಮ ಮಗಳು ಬಂದ್ರೆ ಆಡ್ಕೊಳ್ಳೋರವ್ರೆ, ಬಾಗ್ಲು ಹಾಕ್ಕೊಳ್ಳೋರೂ ಅವ್ರೆ. ಆ ಸೀರೆ ನಮ್ಮೂರ ಹೆಂಗಸ್ರಿಗೆಲ್ಲ ಗೊತ್ತು. ಅದನ್ನ ಉಟ್ಕೊಂಡು ಹೊಸ್ಲು ತುಳುದ್ರೆ, ಇವಳು ಲಲಿತಮ್ಮನ ಕಡೆಯೋಳು ಅಂತ ಬಾಯಿ ಮುಚ್ಕೋತಾರೆ. ಹೊಸಾ ಸೀರೆ ಯಾವ ಅಂಗಡೀಲಾದ್ರೂ ಸಿಗ್ತದೆ. ಅದಕ್ಕೆ ಯಾರು ಹೆದರ್ತಾರೆ?"

ಮಾವ ಹಾರನಹಳ್ಳಿಯ ಶಾಲೆಯಲ್ಲಿ ಆದದ್ದನ್ನು ಹೇಳಿದರು. ಅವರ ಬಾಯಿಂದ ಅದನ್ನು ನಾನು ಕೇಳಿದ್ದು ಅದೇ ಮೊದಲು. ದನಿ ಏರಿಸದೆ, ಇನ್ಯಾರಿಗೋ ಆದದ್ದೆಂಬಂತೆ ಹೇಳಿದರು. ಕೊನೆಗೆ, "ನೀವು ಒಳ್ಳೆ ಮನಸ್ಸಿಂದ ಕೊಟ್ಟಿರ್ಬೋದು ಕಣಮ್ಮ. ಆದ್ರೆ ನಿಮ್ಮ ಕಡೆಯಿಂದ ನಮ್ಮ ಕಡೆಗೆ ಹಳೇ ಬಟ್ಟೆ ಬಂದ್ರೆ ನನಗೆ ಅದಕ್ಕೆ ಒಂದೇ ಅರ್ಥ. ನನ್ನ ಮೈ ಒಪ್ಪಲ್ಲ," ಅಂದರು.

ಧನು ಬಾಗಿಲ ಹತ್ತಿರ ನಿಂತಿದ್ದಳು. ಮದುವೆ ಮುರಿಯಿತೆಂದೇ ನಾನು ಅಂದುಕೊಂಡೆ. ಲಲಿತಮ್ಮ ತಲೆ ತಗ್ಗಿಸಿ ಕೂತಿದ್ದರು. ನನ್ನ ಅನುಮಾನದ ಬುದ್ಧಿ, ಈಕೆ ಈಗ ಕಣ್ಣೀರು ಹಾಕುತ್ತಾರೆ, ಕಾಲು ಹಿಡಿಯುತ್ತಾರೆ, ನಾಟಕ ಶುರು ಎಂದು ಕಾಯುತ್ತಿತ್ತು. ಆಕೆ ಅಳಲಿಲ್ಲ. ತಲೆ ಎತ್ತಿ ಲಕ್ಕಮ್ಮತ್ತೆಯನ್ನು ನೋಡಿದರು.

"ಅಕ್ಕ, ನೀವು ಉಟ್ಟಿರೋದು ಒಂದು ಸೀರೆ ನನಗೆ ಕೊಡಿ."

ಅತ್ತೆಗೆ ಅರ್ಥವಾಗಲಿಲ್ಲ. ನಮಗ್ಯಾರಿಗೂ ಆಗಲಿಲ್ಲ.

"ನಮ್ಮ ಕಡೆಯಿಂದ ನಿಮ್ಮ ಕಡೆಗೆ ಮಾತ್ರ ಬಂದೈತೆ ಅಂದ್ರಲ್ಲ. ನಿಮ್ಮ ಕಡೆಯಿಂದ ನಮ್ಮ ಕಡೆಗೂ ಒಂದು ಬರ್ಲಿ. ನೀವು ಉಟ್ಟಿದ್ದನ್ನ ನಾನು ಉಡ್ತೀನಿ, ನಾನು ಉಟ್ಟಿದ್ದನ್ನ ನಿಮ್ಮ ಮಗಳು ಉಡ್ಲಿ."

ಅತ್ತೆ ಗಡಬಡಿಸಿ ಒಳಗೆ ಹೋಗಿ ಮೈಸೂರು ಸಿಲ್ಕಿನ ಸೀರೆಯೊಂದನ್ನು ತಂದರು. ಲಲಿತಮ್ಮ ಅದನ್ನು ಮುಟ್ಟಲಿಲ್ಲ. "ಅದು ಬ್ಯಾಡ. ಮನೇಲಿ ಉಟ್ಟು ಒಗ್ದಿರೋದು ಕೊಡಿ," ಅಂದು ತಾವೇ ಹಿತ್ತಲಿಗೆ ಹೋಗಿ, ಹಗ್ಗದ ಮೇಲೆ ಒಣಗುತ್ತಿದ್ದ ನೀಲಿ ಚೌಕಳಿಯ ನೂಲಿನ ಸೀರೆಯನ್ನು ಎಳೆದುಕೊಂಡರು. ಅತ್ತೆ ಅದನ್ನು ವರ್ಷಗಟ್ಟಲೆ ಒಲೆಯ ಮುಂದೆ ಉಟ್ಟಿದ್ದರು. ಮಾವ ಎದ್ದು ನಿಂತರು. ಆ ಮನೆಯಿಂದ ತೊಟ್ಟ ಬಟ್ಟೆ ಆಚೆ ಹೋದದ್ದೇ ಇಲ್ಲ. ಅವರು ತಡೆಯುತ್ತಾರೆಂದುಕೊಂಡೆ, ತಡೆಯಲಿಲ್ಲ.

"ಇಲ್ಲಿ ಉಡ್ತೀರಿ," ಅಂದರು. "ನಿಮ್ಮೂರಲ್ಲಿ?"

"ಉಟ್ಕೊಂಡೇ ಹೋಯ್ತೀನಿ. ಇವತ್ತೇ, ಬಸ್ಸಲ್ಲೇ."

ಆಕೆ ಕೋಣೆಯಿಂದ ಆ ಸೀರೆ ಉಟ್ಟು ಬಂದಾಗ ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡರು. ಮೈಮೇಲಿಂದ ಬಿಚ್ಚಿದ ತಮ್ಮ ಒಳ್ಳೆಯ ಸೀರೆಯನ್ನು ಲಲಿತಮ್ಮ ಕುರ್ಚಿಯ ಮೇಲೇ ಬಿಟ್ಟರು, ಧಾರೆ ಸೀರೆಯ ಗಂಟನ್ನು ಅದರ ಪಕ್ಕದಲ್ಲಿಟ್ಟರು. ಬರಿ ಬ್ಯಾಗು ಹಿಡಿದು ಹೊರಟೇಬಿಟ್ಟರು.

ಮಾವ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದರು. "ನೀನೂ ಬೇಲೂರಿಗೆ ತಾನೇ ಹೋಗೋದು? ಅದೇ ಬಸ್ ಹತ್ತು. ದಾರೀಲಿ ಎಲ್ಲಾದ್ರೂ ಬದಲಾಯಿಸ್ತಾರೋ ನೋಡು. ಯಾರಾದ್ರೂ ನೆಂಟರ ಮನೆಗೆ ನುಗ್ಗಿ ಬೇರೆ ಉಟ್ಕೊಂಡು ಬತ್ತಾರೋ ಏನೋ."

ನನಗೆ ನಾಚಿಕೆಯಾಯಿತು. ಆದರೂ ಬಸ್ ಹತ್ತಿದೆ, ಆಕೆಯ ಹಿಂದೆ ಎರಡು ಸೀಟು ಬಿಟ್ಟು ಕೂತೆ. ಜಾವಗಲ್ಲಿನಲ್ಲಿ ಬಸ್ ನಿಂತಾಗ ಆಕೆ ಇಳಿದರು, ನಾನೂ ಇಳಿದೆ. ಅಂಗಡಿಯ ಮುಂದೆ ನಿಂತು ಟೀ ಕುಡಿದರು. ಪರಿಚಯದವರೊಬ್ಬರು ಸಿಕ್ಕಿ ಮಾತಾಡಿಸಿ, ಸೀರೆಯನ್ನು ಮೇಲಿಂದ ಕೆಳಗೆ ನೋಡಿದರು. ಆಕೆ ಸೆರಗು ಹೊದ್ದುಕೊಳ್ಳಲಿಲ್ಲ. ವಾಪಸ್ ಹತ್ತುವಾಗ ನನ್ನ ಕಡೆ ತಿರುಗಿ, "ಲಕ್ಷ್ಮೀಶಪ್ಪ, ಟೀ ಕುಡಿದ್ರಾ?" ಎಂದು ಕೇಳಿದರು. ನಾನು ಇಲ್ಲವೆಂದು ತಲೆಯಾಡಿಸಿದೆ.

ಅವರ ಊರು ಬಂದಾಗ ಇನ್ನೂ ಬಿಸಿಲಿತ್ತು. ನಿಲ್ದಾಣದ ಅರಳಿಕಟ್ಟೆಯ ಮೇಲೆ ಜನ ಕೂತಿದ್ದರು, ಅವರ ನಡುವೆ ಚಿಕ್ಕಣ್ಣನವರೂ ಇದ್ದರು. ಬಸ್ಸಿನವನು ಸಾಮಾನು ಇಳಿಸುತ್ತಿದ್ದ, ನಾನು ಕಿಟಕಿಯಿಂದ ನೋಡಿದೆ. ಒಬ್ಬ ಮುದುಕಿ ಕೇಳಿಯೇಬಿಟ್ಟಳು.

"ಇದ್ಯಾವ ಸೀರೆ ಲಲಿತವ್ವ? ನಿಂದಲ್ವಲ್ಲ?"

"ನಮ್ಮ ಬೀಗಿತ್ತಿದು," ಅಂದರು ಲಲಿತಮ್ಮ, ಕಟ್ಟೆಗೆಲ್ಲ ಕೇಳುವಂತೆ. "ಅರಸೀಕೆರೆ ಲಕ್ಕಮ್ಮನೋರದ್ದು. ಅವರು ಉಟ್ಟಿದ್ದು. ಚೆನ್ನಾಗಿತ್ತು, ಕೇಳಿ ಉಟ್ಕೊಂಡು ಬಂದೆ."

ಚಿಕ್ಕಣ್ಣನವರು ಹೆಂಡತಿಯ ಸೀರೆಯನ್ನು ನೋಡಿದರು, ಕೂತಿದ್ದವರ ಮುಖಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ಎದ್ದು ಬಂದು ಆಕೆಯ ಕೈಯಿಂದ ಬ್ಯಾಗು ತೆಗೆದುಕೊಂಡು ಮನೆಯ ದಾರಿ ಹಿಡಿದರು. ಲಲಿತಮ್ಮ ಹೊರಡುವ ಮೊದಲು ನನ್ನ ಕಿಟಕಿಯ ಹತ್ತಿರ ಬಂದರು.

"ಬದಲಾಯ್ಸಿಲ್ಲ ಅಂತ ನಿಮ್ಮ ಮಾವಂಗೆ ಹೇಳಿ," ಅಂದರು.

ಬಸ್ ಹೊರಟ ಕೂಡಲೇ ನನ್ನ ಫೋನ್ ಬಡಿದುಕೊಂಡಿತು.

"ಬದಲಾಯ್ಸಿದ್ರಾ?"

"ಇಲ್ಲ ಮಾವ."

"ಜಾವಗಲ್ಲಲ್ಲಿ?"

"ಅಲ್ಲೂ ಇಲ್ಲ."

"ಶಾಲು ಗೀಲು ಹೊದ್ಕೊಂಡಿದ್ರಾ?"

"ಇಲ್ಲ. ಯಾರ ಸೀರೆ ಅಂತ ಕೇಳಿದ್ರು. ಅತ್ತೆ ಹೆಸರು ಹೇಳಿ, ಅವರು ಉಟ್ಟಿದ್ದು ಅಂತ ಕೂಗಿ ಹೇಳಿದ್ರು. ಊರೇ ಇತ್ತು, ಚಿಕ್ಕಣ್ಣನೋರೂ ಇದ್ರು."

ಆ ಕಡೆಯಿಂದ ಸದ್ದೇ ಇಲ್ಲ. ಹಳೇಬೀಡು ಬಂತು, ಜನ ಇಳಿದರು, ಹತ್ತಿದರು. ಲೈನ್ ಕಟ್ಟಾಯಿತೇನೋ ಎಂದು ನೋಡಿದೆ, ಕಟ್ಟಾಗಿರಲಿಲ್ಲ. ಮಾವ ಮೂಗು ಎಳೆದುಕೊಂಡ ಸದ್ದು ಕೇಳಿಸಿತು. ಆ ಮನುಷ್ಯ ಅತ್ತದ್ದನ್ನು ನಾನು ಕಂಡವನಲ್ಲ.

"ಲಕ್ಷ್ಮೀಶ," ಅಂದರು ಕೊನೆಗೆ. "ನಾಳೆ ರಜ ಹಾಕಿ ಬಾ. ಧನುನ ಕರ್ಕೊಂಡು ಹೋಗಿ ಆ ಧಾರೆ ಸೀರೆಗೆ ರವಿಕೆ ಬಟ್ಟೆ ತರ್ಬೇಕು. ಅಂಥ ಹಸಿರು ಈಗ ಸಿಗೋದು ಕಷ್ಟ. ಅಂಗಡಿಯೋರು ಯಾವ್ದೋ ಕೊಟ್ಟು ಹೊಂದ್ತೈತೆ ಅಂತಾರೆ, ನಂಬಬೇಡ."